ಎದುರಾಳಿಯ ಋಣ

ಕುಸ್ತಿಯ ಕಣದ ಸುತ್ತ ನಿಂತವರಲ್ಲಿ ಯಾರ ಪಕ್ಷವನ್ನೂ ವಹಿಸದೆ ನೋಡುವವನು ಒಬ್ಬನಾದರೂ ಇರುವನೆಂದು ನನಗೆ ತೋರುವುದಿಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ನಾನು ಮೊದಲ ಬಾರಿಗೆ ಕುಸ್ತಿ ನೋಡಿದುದು ನನ್ನ ಅಣ್ಣನ ಹೆಗಲ ಮೇಲೆ ಕುಳಿತು. ಇಬ್ಬರು ಜಟ್ಟಿಗಳ ಮೈಯೂ ಕೆಮ್ಮಣ್ಣಿನಿಂದ ತುಂಬಿತ್ತು. ಯಾರು ಯಾರೆಂದು ಗುರುತೇ ಹತ್ತುತ್ತಿರಲಿಲ್ಲ. ನಾನು ಅಣ್ಣನ ತಲೆಗೂದಲನ್ನು ಜಗ್ಗಿ, "ಅಣ್ಣಾ, ನಮ್ಮವನು ಯಾವನು?" ಎಂದು ಕೇಳಿದೆನು. ಅಣ್ಣ ನಕ್ಕು, "ಚೆನ್ನಾಗಿ ಆಡಿದವನು ನಮ್ಮವನು, ಸುಮ್ಮನೆ ನೋಡು" ಎಂದನು.

ಆ ಉತ್ತರ ಅಂದು ನನಗೆ ಸಾಲಲಿಲ್ಲ. ಕಾಳಗವನ್ನು ನೋಡುವ ಮನುಷ್ಯನಿಗೆ ಮೊದಲು ಬೇಕಾದುದು ತನ್ನವನು ಯಾರೆಂಬ ನಿಶ್ಚಯ. ಅದರ ಬೆನ್ನಿಗೇ, ತನ್ನವನಲ್ಲದವನು ಕೆಟ್ಟವನೆಂಬ ನಿಶ್ಚಯ. ಈ ಎರಡನೆಯ ನಿಶ್ಚಯಕ್ಕಾಗಿ ಒಮ್ಮೆ ನಮ್ಮ ಮನೆ ತೆತ್ತ ಬೆಲೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಥೆಯ ಬಹುಭಾಗ ನಡೆದುದು ನಾವು ಕಣ್ಣಿನಿಂದ ಕಾಣದ ಅಮೆರಿಕೆಯಲ್ಲಿ, ಇಬ್ಬರು ಮುಷ್ಟಿಮಲ್ಲರ ನಡುವೆ. ಅದರ ಒಂದು ಚೂರು ಮಾತ್ರ ಹಾರಿ ಬಂದು ದಾವಣಗೆರೆಯಲ್ಲಿ ಬಿದ್ದಿತು, ಬಿದ್ದಲ್ಲಿಯೇ ಬೇರೂರಿತು.

೧೯೭೧ನೆಯ ಇಸವಿಯ ಮಾರ್ಚ್ ತಿಂಗಳು. ಲೋಕಸಭೆಯ ಚುನಾವಣೆಯ ಗದ್ದಲ ಊರನ್ನೆಲ್ಲ ತುಂಬಿತ್ತು. ನಾನು ಆಗ ಬಿ.ಎ. ತರಗತಿಯಲ್ಲಿ ಓದುತ್ತಿದ್ದ ಹತ್ತೊಂಬತ್ತರ ಹುಡುಗ. ತಂದೆಯವರು ತೀರಿಕೊಂಡು ಹತ್ತು ವರ್ಷ ಮೀರಿತ್ತು. ನನಗಿಂತ ಎಂಟು ವರ್ಷಕ್ಕೆ ಹಿರಿಯನಾದ ಅಣ್ಣ, ಎಸ್.ಎಸ್.ಎಲ್.ಸಿ. ಮುಗಿಸಿದವನೇ ಪುಸ್ತಕಗಳನ್ನು ಅಟ್ಟಕ್ಕೇರಿಸಿ, ಊರಿನ ಒಂದು ಬಟ್ಟೆಯ ಗಿರಣಿಯಲ್ಲಿ ಟೈಂಕೀಪರನ ಕೆಲಸಕ್ಕೆ ಸೇರಿದ್ದನು. ಬೆಳಗಿನ ಪಾಳಿಯ ಸೈರನ್ ಕೂಗುವುದಕ್ಕೆ ಮೊದಲೇ ಅವನ ಸೈಕಲ್ಲು ನಮ್ಮ ಓಣಿಯನ್ನು ದಾಟುತ್ತಿತ್ತು. ಅವನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ನನ್ನ ಓದೂ ನಡೆಯುತ್ತಿತ್ತು. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ಅನ್ನ ಎಲ್ಲಿಂದ ಬರುತ್ತದೆಂಬುದಕ್ಕಿಂತ ನ್ಯಾಯ ಎಲ್ಲಿಂದ ಬರುತ್ತದೆಂಬುದೇ ದೊಡ್ಡ ಪ್ರಶ್ನೆಯಾಗಿರುತ್ತದೆ.

ಆ ಪ್ರಶ್ನೆಗೆ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಕುಳಿತ ನಾಲ್ಕಾರು ಮಂದಿ ಗೆಳೆಯರಿಗೆ ದೊರೆತ ಉತ್ತರದ ಹೆಸರು ಮುಹಮ್ಮದ್ ಅಲಿ. ಮುಷ್ಟಿಕಾಳಗವನ್ನು ನಮ್ಮಲ್ಲಿ ಒಬ್ಬನೂ ಕಂಡವನಲ್ಲ. ನಾವು ಬಲ್ಲುದು ಗರಡಿಯ ಕುಸ್ತಿ ಮಾತ್ರ. ಆದರೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತಿದ್ದ ಅವನ ಚಿತ್ರಗಳನ್ನು ನೋಡಿ ನೋಡಿ, ಅವನು ನಮ್ಮ ಪಕ್ಕದ ಓಣಿಯವನೇ ಎಂಬಷ್ಟು ಸಲಿಗೆ ನಮಗೆ ಬಂದಿತ್ತು.

ಅವನ ಕಥೆ ಯಾರ ಮನಸ್ಸನ್ನಾದರೂ ಸೆಳೆಯತಕ್ಕುದೇ. ೧೯೪೨ರಲ್ಲಿ ಕೆಂಟಕಿ ಪ್ರಾಂತದ ಲೂಯಿವಿಲ್ಲಿನಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಿಂದ ಹುಟ್ಟಿದವನು. ಹನ್ನೆರಡನೆಯ ವಯಸ್ಸಿನಲ್ಲಿ ಅವನ ಸೈಕಲ್ಲನ್ನು ಯಾರೋ ಕದ್ದರು. ಕದ್ದವನನ್ನು ಥಳಿಸುವೆನೆಂದು ಹುಡುಗನು ದೂರು ಹೇಳಲು ಹೋದಾಗ, ಅಲ್ಲಿದ್ದ ಪೋಲೀಸಿನವನು, 'ಮೊದಲು ಹೊಡೆಯುವುದನ್ನು ಕಲಿ' ಎಂಬ ಅರ್ಥದ ಮಾತನ್ನಾಡಿ ತನ್ನ ವ್ಯಾಯಾಮಶಾಲೆಗೆ ಸೇರಿಸಿಕೊಂಡನು. ಅಲ್ಲಿಂದ ಆರು ವರ್ಷಕ್ಕೆ, ೧೯೬೦ರಲ್ಲಿ, ರೋಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನದ ಪದಕ. ೧೯೬೪ರಲ್ಲಿ, ಗೆಲ್ಲುವನೆಂದು ಹೆಚ್ಚಿನವರು ನಂಬದಿದ್ದಾಗ, ಸನ್ನಿ ಲಿಸ್ಟನ್ ಎಂಬ ಭಯಂಕರ ಮಲ್ಲನನ್ನು ಸೋಲಿಸಿ ಜಗಜ್ಜಟ್ಟಿಯೆನಿಸಿದನು. ಆ ಬೆನ್ನಿಗೇ ತಾನು ಕರಿಯ ಮುಸ್ಲಿಮರ ಸಂಘವೊಂದಕ್ಕೆ ಸೇರಿದವನೆಂದು ಸಾರಿದನು. ಕ್ಲೇ ಎಂಬುದು ದಾಸ್ಯದ ಹೆಸರೆಂದು ಅದನ್ನು ತ್ಯಜಿಸಿ ಮುಹಮ್ಮದ್ ಅಲಿಯಾದನು. ೧೯೬೭ರ ಏಪ್ರಿಲಿನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯಕ್ಕೆ ಸೇರಲು ಅವನ ಸರದಿ ಬಂದಾಗ, ತನ್ನ ಧರ್ಮ ಅದನ್ನು ಒಪ್ಪದೆಂದು ಹೇಳಿ ಒಂದು ಹೆಜ್ಜೆ ಮುಂದಿಡಲು ನಿರಾಕರಿಸಿದನು. ಆ ಇಡದ ಹೆಜ್ಜೆಗಾಗಿ ಅವನು ಕಳೆದುಕೊಂಡುದು ಸಾಮಾನ್ಯವಲ್ಲ. ಪದವಿ ಹೋಯಿತು, ಕಣಕ್ಕಿಳಿಯುವ ಪರವಾನಗಿ ಹೋಯಿತು; ಐದು ವರ್ಷದ ಸೆರೆಮನೆ, ಹತ್ತು ಸಾವಿರ ಡಾಲರು ದಂಡದ ಶಿಕ್ಷೆಯಾಯಿತು. ಮೇಲ್ಮನವಿಯ ಕಾರಣ ಸೆರೆಮನೆಗೆ ಹೋಗಲಿಲ್ಲವಾದರೂ, ಮಲ್ಲನೊಬ್ಬನ ಆಯುಷ್ಯದ ಅತಿ ಬೆಲೆಯುಳ್ಳ ಮೂರೂವರೆ ವರ್ಷಗಳು ಕಣದ ಹೊರಗೇ ಕಳೆದವು.

ಇಂಥವನನ್ನು ಮೆಚ್ಚದಿರುವುದು ಹೇಗೆ? ನಮ್ಮ ದೃಷ್ಟಿಯಲ್ಲಿ ಅವನು ಮುಷ್ಟಿಯಿಂದ ಹೊಡೆಯುವವನಲ್ಲ, ಇಲ್ಲವೆನ್ನಬಲ್ಲವನು.

ಅವನಿಗಿಂತ ಮೊದಲು ಅಮೆರಿಕೆಯಲ್ಲಿ ಕರಿಯ ಮಲ್ಲರಿರಲಿಲ್ಲವೆಂದಲ್ಲ. ೧೯೦೮ರಲ್ಲಿ ಜ್ಯಾಕ್ ಜಾನ್ಸನ್ ಎಂಬವನು ಜಗಜ್ಜಟ್ಟಿಯಾದಾಗ ಬಿಳಿಯ ಸಮಾಜಕ್ಕೆ ಅದು ನುಂಗಲಾರದ ತುತ್ತಾಯಿತು. ನಿವೃತ್ತನಾಗಿ ಕುಳಿತಿದ್ದ ಜೆಫ್ರೀಸನನ್ನು ಎಬ್ಬಿಸಿ ತಂದು ೧೯೧೦ರಲ್ಲಿ ಅವನೆದುರಿಗೆ ನಿಲ್ಲಿಸಿದರು. ಜಾನ್ಸನ್ ಅವನನ್ನೂ ಕೆಡವಿದನು. ಕೊನೆಗೆ ಕಣದಲ್ಲಿ ಸೋಲಿಸಲಾಗದವನನ್ನು ನ್ಯಾಯಾಲಯದಲ್ಲಿ ಸೋಲಿಸಿದರು. ಆ ಶಿಕ್ಷೆ ಅನ್ಯಾಯವೆಂದು ಸರಕಾರ ಕ್ಷಮಾಪತ್ರ ಹೊರಡಿಸಿದುದು ೨೦೧೮ರಲ್ಲಿ, ಅವನು ಸತ್ತು ಎಪ್ಪತ್ತೆರಡು ವರ್ಷಗಳಾದ ಮೇಲೆ. ಆ ಬಳಿಕ ಬಂದ ಜೋ ಲೂಯಿ ಶಾಂತ ಸ್ವಭಾವದವನು. ೧೯೩೮ರಲ್ಲಿ ಅವನು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನನ್ನು ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ ಮಲಗಿಸಿದಾಗ, ತಮ್ಮ ಹೋಟೆಲಿನೊಳಕ್ಕೆ ಕರಿಯರನ್ನು ಬಿಡದ ಬಿಳಿಯರೂ ಅವನನ್ನು 'ನಮ್ಮವನು' ಎಂದರು. ಎದುರಿಗೆ ಹಿಟ್ಲರನ ದೇಶದವನಿದ್ದುದೇ ಅದಕ್ಕೆ ಕಾರಣ. ಮಹಾಯುದ್ಧದ ಕಾಲದಲ್ಲಿ ಲೂಯಿ ಸೈನ್ಯಕ್ಕೆ ಸೇರಿದನು. ಎರಡು ಕಾಳಗಗಳ ಹಣವನ್ನು ನೌಕಾಪಡೆ, ಭೂಸೇನೆಗಳ ಪರಿಹಾರನಿಧಿಗೆ ಕೊಟ್ಟನು. ಇಷ್ಟು ನಿಷ್ಠೆ ತೋರಿದವನನ್ನು ಆಮೇಲೆ ವರ್ಷಗಟ್ಟಲೆ ತೆರಿಗೆಯ ಸಾಲ ಕಾಡಿತು.

ಇವುಗಳನ್ನೆಲ್ಲ ಓದಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಷ್ಟಿಮಲ್ಲನನ್ನು ತಾರೆಯಾಗಿಸುವುದು ಅವನ ತೋಳ್ಬಲವೊಂದೇ ಅಲ್ಲ. ಅವನೆದುರಿಗೆ ನಿಂತವನು ಯಾರೆಂಬುದೂ ಅಷ್ಟೇ ಮುಖ್ಯ. ಷ್ಮೆಲಿಂಗ್ ಇಲ್ಲದಿದ್ದರೆ ಲೂಯಿ ಒಳ್ಳೆಯ ಮಲ್ಲನಷ್ಟೆ. ಅಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಲಿಸ್ಟನನನ್ನು ಕರಡಿಯೆಂದು ಜರೆದನು. ತನ್ನನ್ನು ಹಳೆಯ ಹೆಸರಿನಿಂದಲೇ ಕರೆದ ಪ್ಯಾಟರ್ಸನನನ್ನು ೧೯೬೫ರಲ್ಲೂ ಟೆರೆಲನನ್ನು ೧೯೬೭ರಲ್ಲೂ ಬೇಗ ಕೆಡವದೆ, ಸುತ್ತಿನ ಮೇಲೆ ಸುತ್ತು ಹಿಂಸಿಸಿದನು. 'ನನ್ನ ಹೆಸರೇನು?' ಎಂದು ಒಂದೊಂದು ಪೆಟ್ಟಿಗೂ ಟೆರೆಲನನ್ನು ಕೇಳಿದನು. ಹೆಸರಿನ ನೋವು ಎಂಥದೆಂದು ಅಷ್ಟು ಚೆನ್ನಾಗಿ ತಿಳಿದವನು, ಮುಂದೆ ಇನ್ನೊಬ್ಬನಿಗೆ ಹೆಸರಿಟ್ಟ ಬಗೆ ಮಾತ್ರ ವಿಚಿತ್ರವಾದುದು.

ಆ ಇನ್ನೊಬ್ಬನೇ ಜೋ ಫ್ರೇಜಿಯರ್.

ಫ್ರೇಜಿಯರ್ ಹುಟ್ಟಿದುದು ೧೯೪೪ರಲ್ಲಿ, ನನ್ನ ಅಣ್ಣ ಹುಟ್ಟಿದ ವರ್ಷವೇ. ಸ್ಥಳ, ದಕ್ಷಿಣ ಕೆರೊಲಿನದ ಬ್ಯೂಫರ್ಟಿನ ಹತ್ತಿರದ ಹಳ್ಳಿಗಾಡು. ಮನೆಯ ತುಂಬ ಮಕ್ಕಳು. ತಂದೆ ಒಂದು ಕೈ ಕಳೆದುಕೊಂಡ ಬಡ ಬೇಸಾಯಗಾರ. ಹುಡುಗನಾಗಿದ್ದಾಗ ಹಂದಿಯೊಂದು ಅಟ್ಟಿಸಿಕೊಂಡು ಬಂದು, ಬಿದ್ದು, ಎಡಗೈ ಮುರಿಯಿತು. ವೈದ್ಯರಿಗೆ ತೆರಲು ಹಣವಿಲ್ಲ. ಕೈ ತನ್ನಷ್ಟಕ್ಕೆ ಸೊಟ್ಟಗೆ ಕೂಡಿಕೊಂಡು, ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಆ ಬಾಗಿದ ಎಡಗೈಯ ಪೆಟ್ಟೇ ಮುಂದೆ ಜಗತ್ತನ್ನು ನಡುಗಿಸಿದುದು. ಚಿಂದಿ, ಜೋಳದ ದಿಂಡು, ಇಟ್ಟಿಗೆಗಳನ್ನು ತುಂಬಿದ ಗೋಣಿಚೀಲವನ್ನು ಮರಕ್ಕೆ ತೂಗುಹಾಕಿ ಅದನ್ನು ಗುದ್ದಿ ಗುದ್ದಿ ಅವನು ಕಲಿತನು. ಹದಿನೈದರ ಹರೆಯದಲ್ಲಿ ಊರು ಬಿಟ್ಟು ಉತ್ತರಕ್ಕೆ ಹೋಗಿ, ಫಿಲಡೆಲ್ಫಿಯದ ಕಸಾಯಿಖಾನೆಯೊಂದರಲ್ಲಿ ಕೆಲಸಕ್ಕೆ ನಿಂತನು. ೧೯೬೪ರ ಟೋಕಿಯೋ ಒಲಿಂಪಿಕ್ಸಿಗೆ ಅವನು ಹೋದುದು ಕೂಡ, ಆಯ್ಕೆಯಾಗಿದ್ದ ಇನ್ನೊಬ್ಬನ ಕೈಗೆ ಪೆಟ್ಟಾದುದರಿಂದ. ಅಲ್ಲಿ ಎಡಗೈಯ ಹೆಬ್ಬೆರಳು ಮುರಿದಿದ್ದರೂ ಅದನ್ನು ಅಡಗಿಸಿಟ್ಟುಕೊಂಡು ಚಿನ್ನ ಗೆದ್ದು ಬಂದನು. ಅಲಿ ಕಣದಿಂದ ಹೊರಗಿದ್ದ ಕಾಲದಲ್ಲಿ, ೧೯೭೦ರ ಫೆಬ್ರವರಿಯಲ್ಲಿ, ಜಗಜ್ಜಟ್ಟಿಯ ಪೂರ್ಣ ಪದವಿ ಅವನದಾಯಿತು.

ಗೆದ್ದರೂ ಅದು ಖಾಲಿ ಸಿಂಹಾಸನವನ್ನು ಏರಿದಂತೆ. ಅಲಿಯನ್ನು ಸೋಲಿಸದೆ ತನಗೆ ಪದವಿ ದಕ್ಕದೆಂದು ಫ್ರೇಜಿಯರಿಗೆ ತಿಳಿದಿತ್ತು. ಆದುದರಿಂದ ಅಲಿಗೆ ಪರವಾನಗಿ ಮರಳಿ ಸಿಗಲೆಂದು ಅವನು ದನಿಗೂಡಿಸಿದನು. ಅಧ್ಯಕ್ಷ ನಿಕ್ಸನ್ನರ ಬಳಿಯೂ ಮಾತನಾಡಿದೆನೆಂದು ಹೇಳಿಕೊಂಡಿದ್ದಾನೆ. ಕೈಯಲ್ಲಿ ಕಾಸಿಲ್ಲದಿದ್ದ ಅಲಿಗೆ ಹಣವನ್ನೂ ಕೊಟ್ಟನಂತೆ. ಇಬ್ಬರೂ ಒಂದೇ ಕಾರಿನಲ್ಲಿ ಫಿಲಡೆಲ್ಫಿಯದಿಂದ ನ್ಯೂಯಾರ್ಕಿಗೆ ನಗುತ್ತ ಹರಟುತ್ತ ಹೋದುದೂ ಉಂಟು.

ಕಾಳಗ ನಿಶ್ಚಯವಾಯಿತು; ಅಲಿಯ ನಾಲಗೆ ತಿರುಗಿತು. ಫ್ರೇಜಿಯರ್ ಕುರೂಪಿ, ಮಂದಬುದ್ಧಿಯವನು, ಜಗಜ್ಜಟ್ಟಿಯಾಗಲು ತಕ್ಕವನಲ್ಲ ಎಂದನು. ಕೊನೆಗೆ ಅತಿ ಕ್ರೂರವಾದ ಮಾತನ್ನೂ ಆಡಿದನು: ಅವನೊಬ್ಬ 'ಅಂಕಲ್ ಟಾಮ್' ಎಂದನು. ೧೮೫೨ರಲ್ಲಿ ಅಚ್ಚಾದ ಪ್ರಸಿದ್ಧ ಅಮೆರಿಕನ್ ಕಾದಂಬರಿಯೊಂದರ ಸಾಧು ಗುಲಾಮನ ಹೆಸರದು. ಬಿಳಿಯ ಒಡೆಯರಿಗೆ ತಲೆ ಬಾಗಿಸಿ ತನ್ನ ಕುಲಕ್ಕೆ ದ್ರೋಹ ಬಗೆಯುವವನು ಎಂಬ ಅರ್ಥದಲ್ಲಿ ಕರಿಯರು ಅದನ್ನು ಬೈಗುಳಾಗಿ ಬಳಸುತ್ತಾರೆ. ಫ್ರೇಜಿಯರನನ್ನು ಬಯಸುವ ಕರಿಯನೇ ಇಲ್ಲ, ಅವನು ಬಿಳಿಯರ ಮಲ್ಲ ಎಂದು ಅಲಿ ಊರೂರಲ್ಲಿ ಸಾರಿದನು. ಯುದ್ಧವನ್ನು ವಿರೋಧಿಸಿದ ಅಲಿಯ ಮೇಲೆ ಕೋಪವಿದ್ದ ಬಿಳಿಯರು ಫ್ರೇಜಿಯರನ ಪಕ್ಷ ಹಿಡಿದುದು ನಿಜ. ಆದರೆ ಆ ಬಾವುಟವನ್ನು ಅವನು ಬೇಡಿದವನಲ್ಲ. ಅದನ್ನು ಅವನ ಹೆಗಲಿಗೆ ಹೊರಿಸಿದವರು ಬೇರೆಯವರು.

ಲೆಕ್ಕ ಹಾಕಿ ನೋಡಿದರೆ, ಕರಿಯರ ಕಷ್ಟದಲ್ಲಿ ಹೆಚ್ಚಿನ ಪಾಲು ಉಂಡವನು ಯಾರು? ಅಲಿಯ ತಂದೆ ಪಟ್ಟಣದಲ್ಲಿ ಬೋರ್ಡುಗಳನ್ನು ಬರೆಯುತ್ತಿದ್ದವನು. ಅವನ ವೃತ್ತಿಜೀವನದ ಆರಂಭಕ್ಕೆ ಹಣ ಹೂಡಿದವರು ಲೂಯಿವಿಲ್ಲಿನ ಬಿಳಿಯ ವರ್ತಕರು. ಅವನ ಗುರು ಆಂಜೆಲೊ ಡಂಡಿ ಕೂಡ ಬಿಳಿಯನು. ಫ್ರೇಜಿಯರನೋ ಹೊಲಗದ್ದೆಗಳಲ್ಲಿ ದುಡಿದು, ರಕ್ತ ತೊಳೆದು, ಅನ್ನ ಕಂಡವನು. ಅವನ ಗುರು ಯಾಂಕ್ ಡರ್ಹಮ್ ಕರಿಯನು. ಆದರೂ ಜನಾಂಗದ್ರೋಹಿಯೆಂಬ ಹಣೆಪಟ್ಟಿ ಫ್ರೇಜಿಯರಿಗೇ ಅಂಟಿತು. ಅವನ ಮಗನನ್ನು ಶಾಲೆಯಲ್ಲಿ ಮಕ್ಕಳು ಅದೇ ಮಾತಿನಿಂದ ಕಾಡಿದರು.

ಇದಾವುದೂ ಆಗ ನಮಗೆ ತಿಳಿಯದು. ತಿಳಿದಿದ್ದರೂ ಬೇಕಾಗಿರಲಿಲ್ಲ. ನಮ್ಮವನು ಯಾರೆಂದು ನಿಶ್ಚಯವಾಗಿತ್ತಲ್ಲ!

೧೯೭೧ರ ಮಾರ್ಚ್ ೮ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರೆದುರಿಗೆ ಇಬ್ಬರೂ ಸೆಣಸಿದರು. ಅದುವರೆಗೆ ಇಬ್ಬರೂ ಸೋಲರಿಯದವರು. ಒಬ್ಬೊಬ್ಬನಿಗೂ ೨೫ ಲಕ್ಷ ಡಾಲರು ಸಂಭಾವನೆ. ಹದಿನೈದು ಸುತ್ತುಗಳು. ಅಲಿ ಎತ್ತರದ ಆಳು. ದೂರದಿಂದ ಚುರುಕಾಗಿ ಹೊಡೆದನು. ಫ್ರೇಜಿಯರ್ ಗಿಡ್ಡನು, ಬಾಗಿ, ತೂಗಿ, ಪೆಟ್ಟು ತಿನ್ನುತ್ತಲೇ ಒಳನುಗ್ಗಿದನು. ಹದಿನೈದನೆಯ ಸುತ್ತಿನಲ್ಲಿ ಆ ಸೊಟ್ಟ ಎಡಗೈ ಬೀಸಿ ಬಂದು ಅಲಿಯ ದವಡೆಗೆ ತಾಗಿತು. ಅಲಿ ಅಂಗಾತ ಬಿದ್ದನು. ಕೂಡಲೇ ಎದ್ದುನಿಂತನಾದರೂ ತೀರ್ಪು ಮೂವರದೂ ಒಂದೇ ಆಗಿತ್ತು: ಗೆದ್ದವನು ಫ್ರೇಜಿಯರ್.

ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ನಾನು ಊಟ ಬಿಟ್ಟೆನು. ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ, "ಏನಾಯಿತೋ?" ಎಂದು ಕೇಳಿದನು. ನಾನು ಅಲಿಯ ಪುರಾಣವನ್ನೆಲ್ಲ ಬಿಚ್ಚಿದೆನು. ಅಣ್ಣ ಉಣ್ಣುತ್ತ ಸಮಾಧಾನದಿಂದ ಕೇಳಿ, ಕೈ ತೊಳೆಯಲು ಏಳುವಾಗ, "ಅದೆಲ್ಲ ಸರಿ. ಪಾಪ, ಗೆದ್ದವನು ಯಾರು? ಅವನ ಹೆಸರನ್ನೇ ನೀನು ಹೇಳಲಿಲ್ಲವಲ್ಲ" ಎಂದನು.

ಮರು ವರ್ಷದ ಬೇಸಿಗೆಯಲ್ಲಿ ಅಣ್ಣನ ಗಿರಣಿಯಲ್ಲಿ ಬೋನಸ್ಸಿನ ವಿಷಯವಾಗಿ ಮುಷ್ಕರವಾಯಿತು. ಕಾರ್ಮಿಕರ ಬೇಡಿಕೆ ನ್ಯಾಯವಾದುದೇ ಆಗಿತ್ತು. ಅದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ. ಅಣ್ಣ ಕಚೇರಿಯ ನೌಕರ, ಸಂಘದ ಸದಸ್ಯನಲ್ಲ. ಹಾಜರಿ ಪುಸ್ತಕ ಅವನ ವಶದಲ್ಲಿತ್ತು, ಬರಬೇಕೆಂದು ಆಜ್ಞೆಯಾಗಿತ್ತು. ಅವನು ಹೋದನು. ನಾವು ಕಾಲೇಜಿನ ಹುಡುಗರು ಮುಷ್ಕರಕ್ಕೆ ಬೆಂಬಲವೆಂದು ಗಿರಣಿಯ ಗೇಟಿನೆದುರು ಸಭೆ ನಡೆಸಿದೆವು. ನನ್ನ ಕೈಗೆ ಧ್ವನಿವರ್ಧಕ ಬಂದಿತು. ಆಗಲೇ ಅಣ್ಣ, ಸೈಕಲ್ಲಿನ ಹಿಡಿಗೆ ಊಟದ ಡಬ್ಬಿ ತೂಗುಹಾಕಿಕೊಂಡು, ತಲೆ ತಗ್ಗಿಸಿ ಗೇಟಿನ ಕಡೆಗೆ ಬಂದನು. ಜನ ಕೂಗಿದರು. ಅವನು ನನ್ನ ಅಣ್ಣನೆಂದು ಹಲವರಿಗೆ ಗೊತ್ತು. ಎಲ್ಲರೂ ನನ್ನ ಮುಖವನ್ನು ನೋಡಿದರು. ನನ್ನ ನಿಷ್ಠೆ ಯಾರ ಕಡೆಗೆಂದು ಆ ಗಳಿಗೆಯಲ್ಲಿ ನಾನು ತೋರಿಸಿಕೊಡಬೇಕಾಗಿತ್ತು. ವಾಚನಾಲಯದಲ್ಲಿ ಕಲಿತ ಮಾತು ನಾಲಗೆಯ ತುದಿಯಲ್ಲಿಯೇ ಇತ್ತು. "ನೋಡಿರಿ, ಅಂಕಲ್ ಟಾಮ್ ಬರುತ್ತಿದ್ದಾನೆ!" ಎಂದು ಧ್ವನಿವರ್ಧಕದಲ್ಲಿ ಕೂಗಿದೆನು.

ಗಿರಣಿಯ ಕಾರ್ಮಿಕರಿಗೆ ಅಮೆರಿಕೆಯ ಕಾದಂಬರಿಯೇನು ಗೊತ್ತು? ಅವರ ಕಿವಿಗೆ ಬಿದ್ದುದು 'ಟಾಮ್'. ಊರಿನ ನಾಯಿಗಳಲ್ಲಿ ಅರ್ಧದಷ್ಟಕ್ಕೆ ಟಾಮಿ ಎಂದೇ ಹೆಸರು. "ಟಾಮಿ! ಟಾಮಿ!" ಎಂದು ನೂರಾರು ಕಂಠಗಳು ಕೂಗಿದವು. ಯಾರೋ ಬೊಗಳಿದರು. ಎಲ್ಲರೂ ನಕ್ಕರು. ಅಣ್ಣ ಸೈಕಲ್ಲಿನಿಂದಿಳಿದು, ಒಮ್ಮೆ ನನ್ನನ್ನು ನೋಡಿ, ಅದನ್ನು ತಳ್ಳಿಕೊಂಡು ಒಳಗೆ ಹೋದನು. ಆ ದಿನ ನಾನು ತೊಟ್ಟಿದ್ದ ಅಂಗಿ, ಅವನು ಗಿರಣಿಯಿಂದ ರಿಯಾಯಿತಿ ದರದಲ್ಲಿ ತಂದು ಹೊಲಿಸಿಕೊಟ್ಟ ಬಟ್ಟೆಯದು.

ಮುಷ್ಕರ ಮುಗಿಯಿತು, ಬೋನಸ್ಸೂ ಒಂದಿಷ್ಟು ದೊರೆಯಿತು. ನನ್ನ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಆ ವಾರವೇ ಇತ್ತೆಂದೂ, ಆ ತಿಂಗಳ ಸಂಬಳ ತಪ್ಪಿದರೆ ಅದನ್ನು ಕಟ್ಟಲು ಬೇರೆ ದಾರಿ ಇರಲಿಲ್ಲವೆಂದೂ ಅಮ್ಮ ಹೇಳಿದುದು ಬಹುದಿನಗಳ ಮೇಲೆ. ನಾನು ಅಮ್ಮನ ಎದುರಿಗೆ ಅತ್ತೆನು, ಅಣ್ಣನಿಗೆ ಹೇಳೆಂದೆನು. ಅವನ ಎದುರಿಗೆ ಹೋಗಿ ಒಂದು ಮಾತನ್ನಾಡಲು ಮಾತ್ರ ನನಗೆ ಬಾಯಿ ಬರಲಿಲ್ಲ. ಅಣ್ಣನೂ ಆ ವಿಷಯವನ್ನು ಎತ್ತಲಿಲ್ಲ. ಮೊದಲಿನಂತೆಯೇ ಪ್ರೀತಿಯಿಂದಿದ್ದನು. ಮೊದಲಿನಂತೆ ನನ್ನೊಡನೆ ಹರಟಲಿಲ್ಲ, ಅಷ್ಟೆ.

ನಮ್ಮ ಭಾರತದ ಕಥೆಯಲ್ಲಿ ಕರ್ಣನನ್ನು ಸೂತಪುತ್ರನೆಂದು ತುಂಬಿದ ಸಭೆಯಲ್ಲಿ ಹೀಗಳೆದವನು ಅವನ ತಮ್ಮನಾದ ಭೀಮಸೇನನೇ. ಅವನಿಗೆ ತಾನು ಆಡುತ್ತಿರುವುದು ಅಣ್ಣನನ್ನೆಂದು ತಿಳಿದಿರಲಿಲ್ಲ, ತಿಳಿಯದವನಿಗೆ ಕ್ಷಮೆಯುಂಟು. ನನಗೆ ತಿಳಿದಿತ್ತು. ನ್ಯಾಯ ನಮ್ಮ ಕಡೆ ಇದೆಯೆಂಬ ಧೈರ್ಯವಿದ್ದಾಗಲೇ ನಾಲಗೆ ಹೆಚ್ಚು ನಿರ್ದಯವಾಗುತ್ತದೆಂಬುದನ್ನು ನಾನು ಕಂಡುಕೊಂಡುದು ಹೀಗೆ. ಅಲಿ ಯುದ್ಧಕ್ಕೆ ಹೋಗೆನೆಂದುದು ಸರಿಯಾಗಿತ್ತು; ೧೯೭೧ರ ಜೂನಿನಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವೂ ಅವನ ಮೇಲಿನ ಶಿಕ್ಷೆಯನ್ನು ಒಮ್ಮತದಿಂದ ತೊಡೆದುಹಾಕಿತು. ಆದರೆ ಸರಿಯಾದ ಹಾದಿಯಲ್ಲಿ ನಡೆಯುವವನು ದಾರಿಯಲ್ಲಿದ್ದವರನ್ನು ತುಳಿಯಬಹುದೆಂದು ಯಾವ ನ್ಯಾಯಾಲಯವೂ ಹೇಳಿಲ್ಲ.

ನಾನು ಬೆಂಗಳೂರಿಗೆ ನೌಕರಿಗೆ ಬಂದೆನು. ಆ ಇಬ್ಬರ ಕಥೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ೧೯೭೩ರಲ್ಲಿ ಜಾರ್ಜ್ ಫೋರ್ಮನ್ ಎಂಬ ದೈತ್ಯನು ಫ್ರೇಜಿಯರನನ್ನು ಎರಡೇ ಸುತ್ತುಗಳಲ್ಲಿ ಆರು ಸಾರಿ ಕೆಡವಿ ಪದವಿಯನ್ನು ಕಸಿದುಕೊಂಡನು. ೧೯೭೪ರ ಜನವರಿಯಲ್ಲಿ ಅಲಿ ಫ್ರೇಜಿಯರನನ್ನು ಸೋಲಿಸಿದನು. ಅಕ್ಟೋಬರಿನಲ್ಲಿ ಆಫ್ರಿಕದ ಕಿನ್ಷಾಸದಲ್ಲಿ ಫೋರ್ಮನನನ್ನೂ ಕೆಡವಿ ಮತ್ತೆ ಜಗಜ್ಜಟ್ಟಿಯಾದನು. ೧೯೭೫ರ ಅಕ್ಟೋಬರ್ ೧ರಂದು ಫಿಲಿಪೈನ್ಸಿನ ಮನಿಲಾದಲ್ಲಿ ಮೂರನೆಯ ಕಾಳಗ. ಅದಕ್ಕೆ ಮೊದಲು ಅಲಿ ರಬ್ಬರಿನ ಗೊರಿಲ್ಲದ ಬೊಂಬೆಯೊಂದನ್ನು ಜೇಬಿನಿಂದ ತೆಗೆದು, ಇದೇ ಫ್ರೇಜಿಯರ್ ಎಂದು ಗುದ್ದಿ ತೋರಿಸಿ ಜನರನ್ನು ನಗಿಸಿದನು. ಕರಿಯರನ್ನು ಬಿಳಿಯರು ನೂರಾರು ವರ್ಷ ಯಾವ ಮಾತಿನಿಂದ ಹೀನಾಯಿಸಿದರೋ, ಆ ಮಾತನ್ನೇ ಕರಿಯರ ಕಣ್ಮಣಿಯೊಬ್ಬನು ಇನ್ನೊಬ್ಬ ಕರಿಯನ ಮೇಲೆ ಎಸೆದನು.

ಮನಿಲಾದ ಆ ಬೆಳಗಿನ ಸೆಕೆಯಲ್ಲಿ ಇಬ್ಬರೂ ಹದಿನಾಲ್ಕು ಸುತ್ತು ಕಾದಿದರು. ಫ್ರೇಜಿಯರನ ಎಡಗಣ್ಣು ಮೊದಲೇ ಮಂದವಾಗಿತ್ತೆಂದು ಅವನು ಆಮೇಲೆ ಹೇಳಿಕೊಂಡನು. ಈಗ ಬಲಗಣ್ಣೂ ಬಾತು ಮುಚ್ಚಿತು. ಕಾಣದ ಪೆಟ್ಟುಗಳನ್ನು ತಿನ್ನುತ್ತ ನಿಂತಿದ್ದನು. ಕೊನೆಯ ಸುತ್ತಿಗೆ ಏಳಹೊರಟವನನ್ನು ಗುರು ಎಡ್ಡಿ ಫಚ್ ಹೆಗಲು ಹಿಡಿದು ಕೂರಿಸಿದನು. ಮಲ್ಲನ ಗೆಲುವಿಗಿಂತ ಅವನ ಪ್ರಾಣ ದೊಡ್ಡದೆಂದು ಬಗೆದ ಆ ಗುರುವನ್ನು ನೆನೆದರೆ ನನಗೆ ಇಂದಿಗೂ ಗೌರವವೆನಿಸುತ್ತದೆ. ಗೆದ್ದ ಅಲಿಯೂ ಅಲ್ಲಿಯೇ ಕುಸಿದನು. ಸಾವಿನ ಹತ್ತಿರದವರೆಗೆ ಹೋಗಿ ಬಂದಂತಾಯಿತೆಂದನು. ಫ್ರೇಜಿಯರನ ಮಗನನ್ನು ಕರೆದು, ತಾನು ಆಡಿದ ಮಾತುಗಳು ಮನಸ್ಸಿನಿಂದ ಬಂದವಲ್ಲವೆಂದು ನಿನ್ನ ತಂದೆಗೆ ತಿಳಿಸು ಎಂದನು. ಮಗನು ಬಂದು ಹೇಳಿದಾಗ ಫ್ರೇಜಿಯರನ ಉತ್ತರದ ತಾತ್ಪರ್ಯ ಇಷ್ಟೇ: ಅದನ್ನು ಹೇಳಬೇಕಾದುದು ನಿನಗಲ್ಲ, ನನಗೆ.

ಈ ಸಂಗತಿಯನ್ನು ಓದಿದ ದಿನ ನಾನು ಅಮ್ಮನೆದುರು ಅತ್ತುದು ನೆನಪಾಯಿತು.

ಆಮೇಲೆ ಅಲಿ ಲೋಕಕ್ಕೆಲ್ಲ ಬೇಕಾದವನಾದನು. ೧೯೮೪ರಲ್ಲಿ ಪಾರ್ಕಿನ್ಸನ್ ರೋಗವೆಂದು ಗೊತ್ತಾಯಿತು; ಆ ವಾಚಾಳಿಯ ಬಾಯಿ ಬರಬರುತ್ತ ಕಟ್ಟಿಹೋಯಿತು. ೧೯೯೬ರಲ್ಲಿ ಅಟ್ಲಾಂಟದಲ್ಲಿ ನಡುಗುವ ಕೈಯಿಂದ ಅವನು ಒಲಿಂಪಿಕ್ ಜ್ಯೋತಿಯನ್ನು ಹೊತ್ತಿಸಿದಾಗ, ದೂರದರ್ಶನದ ಎದುರು ಕುಳಿತ ನಾವೆಲ್ಲ ಕಣ್ಣೊರಸಿಕೊಂಡೆವು. ಫ್ರೇಜಿಯರ್ ಮಾತ್ರ ಕಹಿಯಾದ ಮಾತನ್ನಾಡಿ ಲೋಕದ ನಿಂದೆಗೆ ಗುರಿಯಾದನು. ಅವನು ಫಿಲಡೆಲ್ಫಿಯದ ತನ್ನ ವ್ಯಾಯಾಮಶಾಲೆಯ ಮಾಳಿಗೆಯ ಕೋಣೆಯಲ್ಲಿ ಕಾಲ ಕಳೆದನು. ಕಸಾಯಿಖಾನೆಯ ಮಾಂಸದ ತುಂಡುಗಳನ್ನು ಗುದ್ದಿ ಸಾಧನೆ ಮಾಡಿದವನು ಅವನು. ಆ ದೃಶ್ಯವನ್ನು ಬಳಸಿಕೊಂಡು ೧೯೭೬ರಲ್ಲಿ ತೆಗೆದ 'ರಾಕಿ' ಎಂಬ ಚಲಚ್ಚಿತ್ರ ಜಗತ್ಪ್ರಸಿದ್ಧವಾಯಿತು. ಕಥೆಯ ಕಲ್ಪಿತ ನಾಯಕನಿಗೆ ಆ ಊರಿನಲ್ಲಿ ಕಂಚಿನ ಪ್ರತಿಮೆ ಬೇಗನೆ ನಿಂತಿತು. ನಿಜವಾದ ಫ್ರೇಜಿಯರನ ಪ್ರತಿಮೆ ನಿಂತುದು ೨೦೧೫ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷದ ಮೇಲೆ.

೨೦೦೧ರಲ್ಲಿ ಅಲಿ ಒಂದು ಪತ್ರಿಕೆಯ ಮೂಲಕ ಫ್ರೇಜಿಯರನ ಕ್ಷಮೆ ಕೇಳಿದ್ದನು. ಆಗಲೂ ಅದು ಎದುರೆದುರಿನ ಮಾತಾಗಿರಲಿಲ್ಲ. ೨೦೧೧ರ ನವೆಂಬರ್ ೭ರಂದು ಫ್ರೇಜಿಯರ್ ಯಕೃತ್ತಿನ ಅರ್ಬುದದಿಂದ ಮಡಿದನು. ಮಾತು ಕಟ್ಟಿಹೋಗಿದ್ದ ಅಲಿ, ಕಷ್ಟಪಟ್ಟು ಬಂದು ಅಂತ್ಯಕ್ರಿಯೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದನು. ಎಷ್ಟು ತಟ್ಟಿದರೂ ಕೇಳಬೇಕಾದ ಕಿವಿ ಅಲ್ಲಿರಲಿಲ್ಲ. ಅಲಿಯೂ ೨೦೧೬ರ ಜೂನ್ ೩ರಂದು ತೀರಿಕೊಂಡನು.

ಫ್ರೇಜಿಯರ್ ಸತ್ತ ಸುದ್ದಿಯನ್ನು ಓದಿದ ವಾರವೇ ನಾನು ದಾವಣಗೆರೆಗೆ ಹೊರಟೆನು. ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಅಣ್ಣ ಜಗಲಿಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದನು. ಅತ್ತಿಗೆ ಚಹ ತಂದಿಟ್ಟು ಒಳಗೆ ಹೋದರು. ಮೂವತ್ತೊಂಬತ್ತು ವರ್ಷ ಆಡದ ಮಾತನ್ನು ನಾನು ಆಡಿದೆನು.

ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ನೀನು ಹೇಳಿದ್ದಕ್ಕಿಂತ, ಆ ಹೆಸರು ಉಳಿದುಕೊಂಡಿತಲ್ಲೋ, ಅದು ಕಷ್ಟವಾಯಿತು. ನಾನು ನಿವೃತ್ತನಾಗುವ ದಿನದವರೆಗೂ ಗಿರಣಿಯಲ್ಲಿ ನಾನು ಟಾಮಿಯೇ. ಮಗಳು ಶಾಲೆಗೆ ಹೋಗುವಾಗ, ಟಾಮಿಯ ಮಗಳು ಅಂತ ಹುಡುಗರು ಬೊಗಳುತ್ತಿದ್ದರಂತೆ. ಅವಳು ಅಳುತ್ತ ಬಂದು, ಅಪ್ಪಾ, ನಿನಗೆ ಆ ಹೆಸರು ಯಾರು ಇಟ್ಟರು ಅಂತ ಕೇಳಿದಳು" ಎಂದನು.

"ನೀನು ಏನು ಹೇಳಿದೆ ಅಣ್ಣಾ?"

"ಏನು ಹೇಳಲಿ? ಚಿಕ್ಕಪ್ಪ ಅಂದರೆ ಅವಳಿಗೆ ಪ್ರಾಣ. ಯಾರೋ ಗೊತ್ತಿಲ್ಲ ಅಂದೆ."

ನನಗೆ ತಲೆಯೆತ್ತಲಾಗಲಿಲ್ಲ. ನಾನು ಅವನನ್ನು ನಾಯಿಯೆಂದು ಕರೆದವನಲ್ಲವೆಂದಾದರೂ ತಿಳಿಯಲೆಂದು, ಆ ಮಾತಿನ ನಿಜವಾದ ಅರ್ಥವನ್ನು ವಿವರಿಸಿದೆನು. ಕಾದಂಬರಿಯ ಗುಲಾಮನ ಕಥೆಯನ್ನೂ, ಅಲಿ ಅದನ್ನು ಫ್ರೇಜಿಯರನ 'ಮೇಲೆ' ಎಸೆದುದನ್ನೂ, ಕುಲದ್ರೋಹಿ ಎಂಬುದು ಅದರ ಭಾವವೆಂಬುದನ್ನೂ ಹೇಳಿದೆನು. ಅಣ್ಣ ಕೇಳಿ, ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿ, "ಹಾಗಾದರೆ ನಾಯಿಯೇ ವಾಸಿಯಪ್ಪ. ಅದಕ್ಕೆ ನಿಯತ್ತಾದರೂ ಇರುತ್ತದೆ" ಎಂದು ನಕ್ಕನು. ನನಗೆ ನಗು ಬರಲಿಲ್ಲ. ಆದರೆ ಅವನು ನನ್ನೊಡನೆ ಹಾಗೆ ನಕ್ಕು ಎಷ್ಟು ವರ್ಷಗಳಾಗಿದ್ದವು!

ಆ ಸಂಜೆ ಅವನು ಫ್ರೇಜಿಯರನ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡನು. ಸೊಟ್ಟ ಕೈಯ ಸಂಗತಿಯನ್ನು ಎರಡು ಸಲ ಹೇಳಿಸಿದನು. ಕೊನೆಗೆ, "ನಿಮ್ಮ ಅಲಿ ದೊಡ್ಡವನೇ. ಆದರೆ ಇವನು ಎದುರಿಗೆ ನಿಲ್ಲದಿದ್ದರೆ ಅವನು ಎಷ್ಟು ದೊಡ್ಡವನು ಅಂತ ಯಾರಿಗೆ ಗೊತ್ತಾಗುತ್ತಿತ್ತು?" ಎಂದನು. ನಾನು ಪುಸ್ತಕಗಳನ್ನೋದಿ ಕಂಡುಕೊಂಡುದನ್ನು ಅವನು ಜಗಲಿಯ ಮೇಲೆ ಕುಳಿತೇ ಕಂಡಿದ್ದನು.

ಇದನ್ನು ಬರೆಯುವುದಕ್ಕೆ ಮೊದಲು ಅಣ್ಣನ ಒಪ್ಪಿಗೆ ಕೇಳಿದೆನು. "ಬರೆ. ನನ್ನ ಹೆಸರು ಹಾಕಬೇಡ, ಅಷ್ಟೆ. ಒಂದು ಹೆಸರೇ ಸಾಕಾಗಿದೆ" ಎಂದನು. ಆದುದರಿಂದ ಹಾಕಿಲ್ಲ. ಅವನ ಮಗಳು ಇದನ್ನು ಓದಿದರೆ, ಅಂದು ಅವಳು ಕೇಳಿದ ಪ್ರಶ್ನೆಗೆ ಉತ್ತರ ದೊರೆತೀತು: ಆ ಹೆಸರನ್ನು ಇಟ್ಟವನು ನಾನು.